ಜೀವಕ್ಕೆ ಎಡ–ಬಲ ಕಲಿಸಿದ್ದು ಕಲ್ಲೇ?

ಹುಣಸೆಹಣ್ಣಿನ ಹುಳಿಗೆ ಕಾರಣ ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯಲ್ಲಿರುವುದೂ ಅದೇ. ವೈನ್ ಪೀಪಾಯಿಗಳ ಒಳಮೈಗೆ ಹಕ್ಕಳೆಯಂತೆ ಅಂಟುವ ಅದರ ಲವಣದಿಂದ ಆಮ್ಲವನ್ನು ತೆಗೆದು, ನೀರಿನಲ್ಲಿ ಕರಗಿಸಿ, ಧ್ರುವೀಕರಿಸಿದ ಬೆಳಕನ್ನು ಹಾಯಿಸಿದರೆ ಆ ಬೆಳಕಿನ ಕಂಪನದ ದಿಕ್ಕು ಬಲಕ್ಕೆ ಹೊರಳುತ್ತದೆ. ಆದರೆ ಇದೇ ರಾಸಾಯನಿಕ ಸೂತ್ರದ ಇನ್ನೊಂದು ಆಮ್ಲವೂ ಸಿಕ್ಕಿತ್ತು. ಅದು ಬೆಳಕನ್ನು ಯಾವ ಕಡೆಗೂ ಹೊರಳಿಸುತ್ತಿರಲಿಲ್ಲ.

1848ರಲ್ಲಿ, ಇಪ್ಪತ್ತೈದರ ಹರೆಯದ ಲೂಯಿ ಪಾಶ್ಚರ್ ಈ ಎರಡನೆಯ ಆಮ್ಲದ ಸೋಡಿಯಂ ಅಮೋನಿಯಂ ಲವಣವನ್ನು ಹರಳುಗಟ್ಟಿಸಿ ಮಸೂರದಡಿ ನೋಡಿದರು. ಪ್ರತಿ ಹರಳಿನ ಅಂಚಿನಲ್ಲಿ ಒಂದು ಪುಟ್ಟ ಮುಖ ಓರೆಯಾಗಿತ್ತು. ಕೆಲವದರಲ್ಲಿ ಅದು ಎಡಕ್ಕೆ, ಕೆಲವದರಲ್ಲಿ ಬಲಕ್ಕೆ. ಚಿಮುಟದಿಂದ ಒಂದೊಂದನ್ನೇ ಹೆಕ್ಕಿ ಎರಡು ಗುಡ್ಡೆ ಮಾಡಿದರು. ಒಂದು ಗುಡ್ಡೆಯ ದ್ರಾವಣ ಬೆಳಕನ್ನು ಬಲಕ್ಕೆ ಹೊರಳಿಸಿತು, ಇನ್ನೊಂದರದ್ದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ. ಬೆಳಕಿನ ಈ ಹೊರಳುವಿಕೆಯನ್ನೇ ಜೀವಮಾನವಿಡೀ ಅಭ್ಯಸಿಸಿದ್ದ ಹಿರಿಯ ವಿಜ್ಞಾನಿ ಬಿಯೊ, ತಮ್ಮ ಕಣ್ಣೆದುರಿಗೇ ಮತ್ತೊಮ್ಮೆ ಮಾಡಿ ತೋರಿಸಿದ ಮೇಲಷ್ಟೇ ಒಪ್ಪಿಕೊಂಡರು.

ಶಂಖಗಳಲ್ಲಿ ಎಡಮುರಿ, ಬಲಮುರಿ ಇರುವಂತೆ ಅಣುಗಳಲ್ಲೂ ಇವೆ. ಪರಮಾಣುಗಳು ಅವೇ, ಜೋಡಣೆಯ ಕ್ರಮವೂ ಅದೇ. ಆದರೆ ಒಂದು ಇನ್ನೊಂದರ ಕನ್ನಡಿಬಿಂಬ, ಎಷ್ಟು ತಿರುಗಿಸಿದರೂ ಒಂದರ ಮೇಲೊಂದು ಕೂರುವುದಿಲ್ಲ. ಪ್ರಯೋಗಶಾಲೆಯಲ್ಲಿ ಸಾಮಾನ್ಯ ವಿಧಾನದಿಂದ ಇಂಥ ಅಣುಗಳನ್ನು ತಯಾರಿಸಿದರೆ ಎರಡೂ ಸಮಸಮ ಬರುತ್ತವೆ. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಪ್ರಾಚೀನ ಭೂಮಿಯ ವಾತಾವರಣವನ್ನು ಗಾಜಿನ ಪಾತ್ರೆಯಲ್ಲಿ ಅನುಕರಿಸಿ ವಿದ್ಯುತ್ ಕಿಡಿ ಹಾಯಿಸಿದಾಗ ಸಿಕ್ಕ ಅಮೈನೋ ಆಮ್ಲಗಳೂ ಹಾಗೆಯೇ ಇದ್ದವು. ಜೀವಿಗಳ ಒಳಗೆ ಮಾತ್ರ ಲೆಕ್ಕ ಬೇರೆ. ನಮ್ಮ ಪ್ರೋಟೀನುಗಳನ್ನು ಕಟ್ಟಿರುವುದು ಎಡಮುರಿ ಅಮೈನೋ ಆಮ್ಲಗಳಿಂದ. ಎಡ–ಬಲದ ಭೇದವೇ ಇಲ್ಲದ ಗ್ಲೈಸಿನ್ ಒಂದೇ ಅಪವಾದ. ಡಿಎನ್‌ಎ, ಆರ್‌ಎನ್‌ಎಗಳ ಬೆನ್ನೆಲುಬಾದ ಸಕ್ಕರೆಗಳು ಬಲಮುರಿ. ಬ್ಯಾಕ್ಟೀರಿಯಾದಿಂದ ಆಲದ ಮರದವರೆಗೆ, ಆನೆಯವರೆಗೆ ಎಲ್ಲಕ್ಕೂ ಇದೇ ಕಟ್ಟಳೆ.

ಈ ಕಟ್ಟಳೆ ಸಡಿಲವಾಗಿದ್ದರೆ ಜೀವ ಮುಂದುವರಿಯುವುದೇ ಕಷ್ಟವಿತ್ತು. ಜೆರಾಲ್ಡ್ ಜಾಯ್ಸ್, ಲೆಸ್ಲಿ ಆರ್ಗೆಲ್ ಮತ್ತು ಸಂಗಡಿಗರು 1984ರಲ್ಲಿ ಇದನ್ನು ತೋರಿಸಿಕೊಟ್ಟರು. ಆರ್‌ಎನ್‌ಎ ಮಾದರಿಯ ಎಳೆಯೊಂದು ತನ್ನ ಜೊತೆಗಾರ ಎಳೆಯನ್ನು ಕಟ್ಟಿಕೊಳ್ಳುತ್ತಿರುವಾಗ ಎದುರು ಜಾತಿಯ ಅಣು ಬಂದು ಸೇರಿದರೆ ಎಳೆಯ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಅಂದರೆ ಜೀವ ಆರಂಭವಾಗುವ ಮೊದಲೇ, ಅಥವಾ ಆಗುತ್ತಿರುವಾಗಲೇ, ಎಡ–ಬಲಗಳನ್ನು ಯಾರೋ ಬೇರ್ಪಡಿಸಿರಬೇಕು. ಚಿಮುಟ ಹಿಡಿಯಲು ಆಗ ಪಾಶ್ಚರ್ ಇರಲಿಲ್ಲ.

ಆಕಾಶದಿಂದ ಬಂತು ಎನ್ನುವವರಿದ್ದಾರೆ. 1969ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಊರಿನ ಬಳಿ ಬಿದ್ದ ಉಲ್ಕಾಶಿಲೆಯಲ್ಲಿ ಕೆಲವು ಎಡಮುರಿ ಅಮೈನೋ ಆಮ್ಲಗಳು ತುಸು ಹೆಚ್ಚಿದ್ದವು. ಆದರೆ ಬೆನ್ನು ಕ್ಷುದ್ರಗ್ರಹದಿಂದ ನಾಸಾ 2023ರಲ್ಲಿ ತಂದಿಳಿಸಿದ ಮಣ್ಣಿನಲ್ಲಿ ಎಡ–ಬಲಗಳು ಹೆಚ್ಚುಕಮ್ಮಿ ಸಮವಾಗಿವೆ ಎಂದು 2025ರ ಜನವರಿಯಲ್ಲಿ ತಿಳಿಯಿತು. ಈ ಮಣ್ಣು ಭೂಮಿಯ ಗಾಳಿ ಸೋಕದಂತೆ ಜೋಪಾನವಾಗಿ ಬಂದದ್ದು. ಹಾಗಾಗಿ ಅದರ ಸಾಕ್ಷ್ಯಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಆಕಾಶದಿಂದ ಕಣ್ಣು ಕೆಳಗಿಳಿಸಿ, ಕಾಲಡಿಯ ಕಲ್ಲನ್ನು ನೋಡುವುದು ಲೇಸು.

ಕಲ್ಲುಗಳ ಪೈಕಿ ಮೊದಲು ನೆನಪಾಗುವುದು ಬೆಣಚು. ಅದರ ಹರಳಿನಲ್ಲೇ ಸಿಲಿಕಾನ್, ಆಮ್ಲಜನಕಗಳು ಸುರುಳಿಯಾಗಿ ಏರುತ್ತವೆ. ಎಡಸುರುಳಿಯ ಬೆಣಚು, ಬಲಸುರುಳಿಯ ಬೆಣಚು ಎಂದು ಎರಡು ಬಗೆ. ಟೋಕಿಯೊದ ಕೆನ್ಸೊ ಸೊಯಿ 1999ರಲ್ಲಿ ಬೆಣಚಿನ ಪುಡಿಯ ಜೊತೆ ಒಂದು ರಾಸಾಯನಿಕ ಕ್ರಿಯೆ ನಡೆಸಿದಾಗ, ಯಾವ ಬಗೆಯ ಬೆಣಚೋ ಅದಕ್ಕೆ ತಕ್ಕ ಒಂದೇ ಮಗ್ಗುಲಿನ ಅಣುಗಳು ರಾಶಿಯಾಗಿ ಬಂದವು. ಪ್ರಯೋಗ ಸೊಗಸಾದದ್ದೇ. ಆದರೆ ಅದರಲ್ಲಿ ಬಳಸಿದ ಸತುವಿನ ಸಂಯುಕ್ತ ನೀರು ಸೋಕಿದರೆ ಉಳಿಯುವಂಥದ್ದಲ್ಲ. ಆದಿಕಾಲದ ಕಡಲಂಚಿನಲ್ಲಿ ಅದಕ್ಕೆ ಜಾಗವಿಲ್ಲ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಸುಣ್ಣದ ಕಲ್ಲಿನ ಖನಿಜವಾದ ಕ್ಯಾಲ್ಸೈಟ್‌ನ ಕತೆ. ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಖನಿಜ ವಿಜ್ಞಾನಿ ರಾಬರ್ಟ್ ಹೇಜನ್, ತಿಮೊಥಿ ಫಿಲಿ ಮತ್ತು ಗ್ಲೆನ್ ಗುಡ್‌ಫ್ರೆಂಡ್ ಸೇರಿ 2001ರಲ್ಲಿ ಇದನ್ನು ಪ್ರಕಟಿಸಿದರು. ಗುಡ್‌ಫ್ರೆಂಡ್ ಬಸವನಹುಳುವಿನ ಹಳೆಯ ಚಿಪ್ಪುಗಳಲ್ಲಿ ಎಡ–ಬಲ ಅಮೈನೋ ಆಮ್ಲಗಳ ಪ್ರಮಾಣ ಅಳೆದು ಅವುಗಳ ವಯಸ್ಸು ಹೇಳುತ್ತಿದ್ದವರು. ಸತ್ತ ಜೀವಿಯ ಎಡಮುರಿ ಅಣುಗಳು ಕಾಲ ಕಳೆದಂತೆ ನಿಧಾನವಾಗಿ ಬಲಕ್ಕೂ ಮಗುಚಿ ಕೊನೆಗೆ ಸಮವಾಗುತ್ತವೆ. ಆ ಸೂಕ್ಷ್ಮ ಅಳತೆಯ ಕೈ ಈ ಪ್ರಯೋಗಕ್ಕೆ ಒದಗಿ ಬಂತು.

ಇಡಿಯಾಗಿ ನೋಡಿದರೆ ಕ್ಯಾಲ್ಸೈಟ್ ಹರಳಿಗೆ ಎಡ–ಬಲದ ಭೇದವಿಲ್ಲ. ಆದರೆ ನಾಯಿಹಲ್ಲಿನಂತೆ ಚೂಪಾಗಿ ಬೆಳೆದ ಹರಳಿನ ಬಿಡಿ ಮುಖಗಳಿಗೆ ಇದೆ: ಒಂದು ಮುಖ ಎಡದ್ದಾದರೆ ಪಕ್ಕದ್ದು ಅದರ ಕನ್ನಡಿಬಿಂಬ. ಎಡ–ಬಲ ಸಮಪಾಲಿರುವ ಆಸ್ಪಾರ್ಟಿಕ್ ಆಮ್ಲದ ದ್ರಾವಣದಲ್ಲಿ ಹರಳನ್ನು ಮುಳುಗಿಸಿಟ್ಟರು. ಹೊರತೆಗೆದು ತೊಳೆದು, ಒಂದೊಂದು ಮುಖಕ್ಕೆ ಅಂಟಿದ್ದನ್ನು ಬೇರೆಬೇರೆಯಾಗಿ ಇಳಿಸಿಕೊಂಡು ಅಳೆದರು. ಒಂದು ಬಗೆಯ ಮುಖದಲ್ಲಿ ಎಡಮುರಿ ಹೆಚ್ಚು, ಅದರ ಪ್ರತಿಬಿಂಬದಂಥ ಮುಖದಲ್ಲಿ ಬಲಮುರಿ ಹೆಚ್ಚು. ಮೆಟ್ಟಿಲು ಮೆಟ್ಟಿಲಾಗಿ ಬೆಳೆದ ಮುಖಗಳಲ್ಲಿ ಈ ಆಯ್ಕೆ ಇನ್ನೂ ಸ್ಪಷ್ಟ. ಅಣುವೊಂದು ಒಂದೆರಡು ಕಡೆ ಮಾತ್ರ ಕಲ್ಲಿಗೆ ತಾಗಿದರೆ ಅದರ ಎಡ–ಬಲ ಪತ್ತೆಯಾಗುವುದಿಲ್ಲ. ಮೂರು ಕಡೆ ತಾಗಬೇಕು. ಮೆಟ್ಟಿಲಿನ ಮೂಲೆ ಅದಕ್ಕೆ ಅನುಕೂಲ ಒದಗಿಸುತ್ತದೆ. ಅಷ್ಟೇ ಅಲ್ಲ, ಮೆಟ್ಟಿಲಿನುದ್ದಕ್ಕೂ ಸಾಲಾಗಿ ಕೂತ ಒಂದೇ ಜಾತಿಯ ಅಣುಗಳು ಪರಸ್ಪರ ಬೆಸೆದುಕೊಂಡು ಸರಪಳಿಯಾಗುವುದೂ ಸುಲಭ.

ಭೂಮಿಯಲ್ಲಿ ಎಡಮುಖಗಳೆಷ್ಟೋ ಬಲಮುಖಗಳೂ ಅಷ್ಟೇ ಇರುವಾಗ ಇದರಿಂದ ಏನು ಸಿದ್ಧವಾಯಿತು ಎಂದು ಕೇಳುವವರಿದ್ದಾರೆ. ಇಡೀ ಭೂಮಿಯ ತಕ್ಕಡಿ ಒಂದು ಕಡೆ ವಾಲಬೇಕೆಂಬುದೇ ಅನಗತ್ಯ ಎಂಬುದು ನನ್ನ ಉತ್ತರ. ಇಂದಿನ ಜೀವಿಗಳೆಲ್ಲ ಒಂದೇ ಪೂರ್ವಜನ ಸಂತತಿ. ಎಲ್ಲೋ ಒಂದು ಕಲ್ಲಿನ ಒಂದು ಮುಖದಲ್ಲಿ ತನ್ನ ನಕಲನ್ನು ತಾನೇ ಮಾಡಿಕೊಳ್ಳಬಲ್ಲ ಸರಪಳಿ ಮೊದಲು ಹುಟ್ಟಿದ್ದರೆ ಸಾಕು. ಅದರ ಮಗ್ಗುಲೇ ಮುಂದಿನವಕ್ಕೆಲ್ಲ ಶಾಸನ. ಎದುರು ಮುಖದಲ್ಲಿ ಕೂತಿದ್ದವು ಹಿಂದೆ ಬಿದ್ದಿರಬೇಕು, ಇಲ್ಲವೇ ಇವಕ್ಕೇ ಆಹಾರವಾಗಿರಬೇಕು.

ಇತ್ತೀಚೆಗೆ ಮ್ಯಾಗ್ನೆಟೈಟ್ ಕೂಡ ಈ ಸಾಲಿಗೆ ಸೇರಿದೆ. 2005ರ ಕೊನೆಯವರೆಗೂ ಕುದುರೆಮುಖದಲ್ಲಿ ಅಗೆದು, ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರಲ್ಲ, ಅದೇ ಅಯಸ್ಕಾಂತ ಗುಣದ ಕಬ್ಬಿಣದ ಅದಿರು. ಎಡಮುರಿ–ಬಲಮುರಿ ಅಣುಗಳ ಮೂಲಕ ಸಾಗುವ ಇಲೆಕ್ಟ್ರಾನುಗಳು ತಮ್ಮ ಸ್ಪಿನ್ನಿನ ದಿಕ್ಕಿಗೆ ತಕ್ಕಂತೆ ವಿಂಗಡವಾಗುತ್ತವೆ ಎಂಬುದನ್ನು ಇಸ್ರೇಲಿನ ರಾನ್ ನಾಮನ್ 1999ರಲ್ಲೇ ತೋರಿಸಿದ್ದರು. ಅದನ್ನು ಆಧರಿಸಿ ಹಾರ್ವರ್ಡಿನ ಫುರ್ಕಾನ್ ಓಜ್ಟುರ್ಕ್ ಮತ್ತು ಸಂಗಡಿಗರು 2023ರಲ್ಲಿ, ಆರ್‌ಎನ್‌ಎಯ ಪೂರ್ವರೂಪವಾದ ಒಂದು ಅಣುವಿನ ಸಮಮಿಶ್ರ ದ್ರಾವಣವನ್ನು ಕಾಂತೀಯಗೊಳಿಸಿದ ಮ್ಯಾಗ್ನೆಟೈಟ್ ಮೇಲೆ ಹರಳುಗಟ್ಟಲು ಬಿಟ್ಟರು. ಎರಡೇ ಸುತ್ತಿನಲ್ಲಿ ಪೂರ್ತಿ ಒಂದೇ ಮಗ್ಗುಲಿನ ಹರಳು ಬಂತು. ಕಾಂತದ ದಿಕ್ಕು ತಿರುಗಿಸಿದರೆ ಇನ್ನೊಂದು ಮಗ್ಗುಲು. ಆ ಹರಳುಗಳು ತಿರುಗಿ ಕಲ್ಲಿನ ಕಾಂತತ್ವವನ್ನೇ ಬಲಪಡಿಸುತ್ತವೆ ಎಂಬುದೂ ಅದೇ ವರ್ಷ ಗೊತ್ತಾಯಿತು. ಕಲ್ಲು ಅಣುವನ್ನು ತಿದ್ದುತ್ತದೆ, ಅಣು ಕಲ್ಲನ್ನು ತಿದ್ದುತ್ತದೆ. ಆದರೆ ಕಲ್ಲಿನಿಂದ ಹೊರಟು, ಒಂದೇ ಮಗ್ಗುಲಿನ ಸರಪಳಿ ಕಟ್ಟಿ, ಅದು ತನ್ನನ್ನು ತಾನೇ ನಕಲು ಮಾಡಿಕೊಳ್ಳುವವರೆಗಿನ ದಾರಿಯನ್ನು ಒಂದೇ ಪಾತ್ರೆಯಲ್ಲಿ ಉದ್ದಕ್ಕೂ ನಡೆದು ತೋರಿಸುವ ಕೆಲಸ ಇನ್ನೂ ಬಾಕಿಯಿದೆ.

ಎಡ–ಬಲಗಳಲ್ಲಿ ಜೀವ ಮಾಡಿಕೊಂಡ ಈ ಆಯ್ಕೆ ಆಕಸ್ಮಿಕವೋ ಅಲ್ಲವೋ ಎಂಬುದಕ್ಕೆ ಪುರಾವೆ ಬೇಕಿದ್ದರೆ ಎರಡನೆಯ ಜೀವವೊಂದನ್ನು ಹುಡುಕಲೇಬೇಕು. ಯುರೋಪಿನ ರೋಸಲಿಂಡ್ ಫ್ರಾಂಕ್ಲಿನ್ ರೋವರ್ 2028ರಲ್ಲಿ ಮಂಗಳಕ್ಕೆ ಹೊರಡಬೇಕಿದೆ. ನೆಲವನ್ನು ಎರಡು ಮೀಟರ್ ಆಳದವರೆಗೆ ಕೊರೆದು, ತೆಗೆದ ಮಣ್ಣಿನಲ್ಲಿ ಎಡಮುರಿ–ಬಲಮುರಿ ಅಣುಗಳನ್ನು ಬೇರ್ಪಡಿಸಿ ನೋಡುವ ಉಪಕರಣ ಅದರಲ್ಲಿದೆ. ಅಲ್ಲಿ ಬಲಮುರಿ ಅಮೈನೋ ಆಮ್ಲಗಳೇ ರಾಶಿಯಾಗಿ ಸಿಕ್ಕರೆ, ಮಂಗಳದಲ್ಲಿ ನಮಗೆ ಸಂಬಂಧವೇ ಇಲ್ಲದ ಇನ್ನೊಂದು ಜೀವ ಹುಟ್ಟಿತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸುಳಿವು ಬೇಕಿಲ್ಲ.