ಕತ್ತಿ ತಾಗಿದಾಗ ನೋವೇ ಆಗಲಿಲ್ಲ!

ಕಳೆದ ಮಳೆಗಾಲ ಗುಡ್ಡೆಯಲ್ಲಿ ಸೊಪ್ಪು ಕಡಿಯುವಾಗ ಕತ್ತಿ ಜಾರಿ ಎಡಗಾಲಿಗೆ ತಾಗಿತು. ಗೊತ್ತಾದದ್ದು ರಕ್ತ ಕಂಡ ಮೇಲೆ. ಬೈರಾಸಿನಲ್ಲಿ ಬಿಗಿದು ಕಟ್ಟಿ, ಗುಡ್ಡೆ ಇಳಿದು, ಸಂಕ ದಾಟಿ ಮನೆ ಸೇರಿದೆ. ನೋವು ಸುರುವಾದದ್ದು ಜಗಲಿಯಲ್ಲಿ ಕೂತ ನಂತರ. ಐದು ಹೊಲಿಗೆ ಬಿತ್ತು. ಅಷ್ಟು ಹೊತ್ತು ನೋವು ಎಲ್ಲಿ ಹೋಗಿತ್ತು ಮಾರಾಯ್ರೇ?

ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಇದೇ ಸೋಜಿಗ ಕಂಡಿದ್ದರು. ಭಾರೀ ಗಾಯವಾದ ಸೈನಿಕರಲ್ಲಿ ಅನೇಕರಿಗೆ ನೋವಿನ ಮದ್ದೇ ಬೇಡವಾಗಿತ್ತು. 1946ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದರು.

ಗಾಯದ ಸುದ್ದಿ ನರದ ಮೂಲಕ ಮೊದಲು ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ತೋಟದ ಕಣಿಗೆ ನಾವು ಕಟ್ಟ ಹಾಕುತ್ತೇವಲ್ಲ, ಹಾಗೆ ಮಿದುಳು ತಾನೇ ಕೆಳಗೆ ಆಜ್ಞೆ ಕಳಿಸಿ ಬೆನ್ನುಹುರಿಯಲ್ಲೇ ಆ ಸುದ್ದಿಯನ್ನು ತಡೆಯಬಲ್ಲದು. ಅದಕ್ಕೆ ಬೇಕಾದ ಮದ್ದು ದೇಹದಲ್ಲೇ ತಯಾರು. 1975ರಲ್ಲಿ ಸ್ಕಾಟ್ಲೆಂಡಿನ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್ಲಿಟ್ಜ್ ಹಂದಿಯ ಮಿದುಳಿನಿಂದ ಎನ್‌ಕೆಫಾಲಿನ್ ಎಂಬ ವಸ್ತು ತೆಗೆದರು. ಅದು ಕೆಲಸ ಮಾಡುವುದು ಅಫೀಮಿನ ಮಾರ್ಫಿನ್‌ನಂತೆಯೇ. ಎಂಡಾರ್ಫಿನ್ ಕೂಡಾ ಇದೇ ಜಾತಿಯದ್ದು.

ಪೆಟ್ಟಾದ ಜಾಗ ಉಜ್ಜಿದರೆ ಹಿತ ಅನಿಸುವುದು ಬೇರೆ ದಾರಿಯಿಂದ. ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ಕುಗ್ಗಿಸುತ್ತದೆ. ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಹೇಳಿದ್ದು ಇದನ್ನೇ. ನಮ್ಮ ಅಜ್ಜಿಯಂದಿರಿಗೆ ಅದಕ್ಕೂ ಮೊದಲೇ ಗೊತ್ತಿತ್ತು ಬಿಡಿ!

ವೈದ್ಯರ 'ಕೈಗುಣ'ವೂ ಬರೀ ನಂಬಿಕೆಯಲ್ಲ. 1978ರಲ್ಲಿ ಅಮೆರಿಕದಲ್ಲಿ ಹಲ್ಲು ಕೀಳಿಸಿಕೊಂಡವರಿಗೆ ಮದ್ದಿನಂತೆಯೇ ಮದ್ದಲ್ಲದ್ದನ್ನು ಕೊಟ್ಟಾಗ ಕೆಲವರ ನೋವು ತಗ್ಗಿತು. ಮಾರ್ಫಿನ್ ಕೆಲಸ ತಡೆಯುವ ನಾಲಾಕ್ಸೋನ್ ಕೊಟ್ಟದ್ದೇ ಅವರ ನೋವು ಪುನಃ ಏರಿತು. ಅಂದರೆ ನೋವು ತಗ್ಗಿಸಿದ್ದು ದೇಹದ್ದೇ ಮದ್ದು.

ಈ ವ್ಯವಸ್ಥೆ ಉಲ್ಟಾ ಹೊಡೆಯುವುದೂ ಉಂಟು. ನಿದ್ದೆಗೆಟ್ಟರೆ, ಚಿಂತೆ ಹೆಚ್ಚಾದರೆ ಅದೇ ಸೊಂಟನೋವು ಇಮ್ಮಡಿ ಅನಿಸುತ್ತದೆ. ಆಗ ದಿನಾ ಅಂಗಡಿಯ ಮಾತ್ರೆ ನುಂಗುವವರು ನಮ್ಮಲ್ಲಿ ಎಷ್ಟು ಜನ! ಡೈಕ್ಲೋಫೆನಾಕ್‌ನಂಥವು ಹೊಟ್ಟೆ, ಮೂತ್ರಪಿಂಡ ಎರಡನ್ನೂ ಹಾಳು ಮಾಡಬಲ್ಲವು. ನಡಿಗೆ, ಹದವಾದ ಕೆಲಸದಿಂದ ದೇಹದ ಸ್ವಂತ ಮದ್ದು ಹೆಚ್ಚುತ್ತದೆ. ಹಳೇ ಸೊಂಟನೋವಿಗೆ ಮಲಗಿಯೇ ಇರುವುದಕ್ಕಿಂತ ಅದು ಒಳ್ಳೆಯದು.

ಇನ್ನೊಂದು ಮಾತು. ಅಡಿಕೆ ಮರದಿಂದ ಬಿದ್ದವನು "ಏನೂ ಆಗಲಿಲ್ಲ, ನೋವಿಲ್ಲ" ಎಂದರೆ ನಂಬಿ ಎಬ್ಬಿಸಬೇಡಿ. ಬೆನ್ನುಮೂಳೆ ಮುರಿದಿದ್ದರೂ ಆ ಹೊತ್ತಿಗೆ ಗೊತ್ತಾಗದೆ ಇರಬಹುದು. ಕುತ್ತಿಗೆ, ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಿಯೇ ಆಸ್ಪತ್ರೆಗೆ ಒಯ್ಯಿರಿ.