ಅಪ್ಪನ ಬೈಕಿನಲ್ಲಿ ಅಸಲಿ ಯಾವುದು?

ಮನೆಯ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲಿನಡಿ ನಿಂತಿರುವ ಹಳೆಯ ಬೈಕಿಗೆ ಪೇಟೆಯಲ್ಲಿ ಒಂದು ಬೆಲೆ, ಮನೆಯಲ್ಲಿ ಇನ್ನೊಂದು ಬೆಲೆ. ಗುಜರಿಯವನು ಅದನ್ನು ಕಿಲೋ ಲೆಕ್ಕದಲ್ಲಿ ನೋಡುತ್ತಾನೆ. ಮಕ್ಕಳಿಗೆ ಅದರ ಟ್ಯಾಂಕಿನ ಮೇಲೆ ಕುಳಿತು ಶಾಲೆಗೆ ಹೋದ ದಿನಗಳು ಕಾಣುತ್ತವೆ. ಅಪ್ಪ ತೀರಿಕೊಂಡ ಮೇಲೆ ಅದನ್ನು ಮತ್ತೆ ಓಡಿಸಬೇಕೆಂದು ಹೊರಟ ಮಗನಿಗೆ ಮೊದಲು ಎದುರಾಗುವ ಪ್ರಶ್ನೆ ಇದು: ಇದರಲ್ಲಿ ಅಸಲಿ ಯಾವುದು, ಆಮೇಲೆ ಸೇರಿದ್ದು ಯಾವುದು?

ಇಂಗ್ಲೆಂಡಿನ ಕೆಲವು ಮನೆಗಳಲ್ಲಿ ಈ ಪ್ರಶ್ನೆ ‘ಟ್ರಯಲ್ಸ್’ ಬೈಕಿನ ಮುಂದೆ ಏಳುತ್ತದೆ. ಅಲ್ಲಿಯ ಆ ಬೈಕಿಗೂ ನಮ್ಮ ಊರಿನ ರಸ್ತೆಗೂ ಒಂದು ನಂಟಿದೆ.

ವೇಗವಿಲ್ಲದ ಸ್ಪರ್ಧೆ

ಟ್ರಯಲ್ಸ್ ಸ್ಪರ್ಧೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ಕೆಸರು, ತೊರೆ, ಕಡಿದಾದ ಏರು, ಇವುಗಳ ನಡುವೆ ಗುರುತು ಮಾಡಿದ ಹಾದಿಯನ್ನು ಕಾಲು ನೆಲಕ್ಕೆ ತಾಗಿಸದೆ ದಾಟಬೇಕು. ಒಮ್ಮೆ ಕಾಲೂರಿದರೆ 1 ಅಂಕ, ಬೈಕ್ ನಿಂತೇ ಹೋದರೆ 5 ಅಂಕ. ಇಲ್ಲಿ ಅಂಕವೆಂದರೆ ದಂಡ. ಕಡಿಮೆ ಅಂಕದವನೇ ಗೆದ್ದಂತೆ. ತಾಳ್ಮೆಯೂ ತೂಕದ ಹತೋಟಿಯೂ ಇದ್ದವನಿಗೆ ಮಾತ್ರ ಒಲಿಯುವ ಆಟ.

ನಮಗೆಲ್ಲ ಗೊತ್ತಿರುವ ಬುಲೆಟ್ ಹೆಸರು ಮಾಡಿದ್ದು ಇಂಥ ಹಾದಿಗಳಲ್ಲೇ. 1948ರಲ್ಲಿ ರೆಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಂಪೆನಿ, ಹಿಂದಿನ ಚಕ್ರಕ್ಕೂ ಸಸ್ಪೆನ್ಷನ್ ಇರುವ ಹೊಸ ಬುಲೆಟ್ಟನ್ನು ಕೋಲ್ಮೋರ್ ಕಪ್ ಟ್ರಯಲ್ಸ್‌ಗೆ ಇಳಿಸಿತು. ಹಿಂಚಕ್ರಕ್ಕೆ ಸ್ಪ್ರಿಂಗ್ ಕೊಟ್ಟರೆ ನೆಲದ ಹಿಡಿತ ತಪ್ಪುತ್ತದೆ ಎಂಬುದು ಆಗಿನ ಸವಾರರ ನಂಬಿಕೆ. ಆದರೆ ಜಾನಿ ಬ್ರಿಟನ್ ಎಂಬ ಸವಾರ ಅದೇ ಬುಲೆಟ್ಟಿನಲ್ಲಿ ಸ್ಕಾಟ್‌ಲೆಂಡಿನ ಆರು ದಿನಗಳ ಟ್ರಯಲ್ಸ್ ಸ್ಪರ್ಧೆಯನ್ನು 1952ರಲ್ಲೂ 1957ರಲ್ಲೂ ಗೆದ್ದ.

1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾಯಿತು. ಮೊದಲು ಇಂಗ್ಲೆಂಡಿನಿಂದ ಬಂದ ಭಾಗಗಳ ಜೋಡಣೆ. 1962ರ ಹೊತ್ತಿಗೆ ಎಲ್ಲ ಭಾಗಗಳೂ ಇಲ್ಲೇ ತಯಾರು. ರೆಡಿಚ್ ಕಾರ್ಖಾನೆ 1967ರಲ್ಲಿ ಮುಚ್ಚಿತು. ಆದರೆ ಮದ್ರಾಸಿನ ಬುಲೆಟ್ ನಿಲ್ಲಲಿಲ್ಲ. 1977ರಿಂದ ತನ್ನ ತವರಿಗೇ ರಫ್ತಾಗತೊಡಗಿತು. ಅದರ ಹಿಂದೆಯೇ ಬಿಡಿಭಾಗಗಳೂ ಹೋದವು. ಇಂದು ಅಲ್ಲಿ ಹಳೆಯ ಬುಲೆಟ್ ರಿಪೇರಿ ಮಾಡುವವನಿಗೆ ಇದೊಂದು ವರ. ಅಸಲಿ ಯಾವುದೆಂದು ಹುಡುಕುವವನಿಗೆ ಇದೇ ತಲೆನೋವು!

ಸ್ಪ್ಯಾನರಿಗೆ ಮೊದಲು ಕ್ಯಾಮೆರಾ

ಬಲ್ಲವರ ಮೊದಲ ಮಾತು: ಒಂದು ನಟ್ಟನ್ನೂ ಬಿಚ್ಚಬೇಡಿ. ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಬಿಚ್ಚಿದ ಪ್ರತಿ ಭಾಗವನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಚೀಟಿ ಅಂಟಿಸಿ. ಮಣ್ಣು, ಗ್ರೀಸ್ ತೊಳೆಯುವಾಗಲೂ ಆತುರ ಬೇಡ; ಹಳೆಯ ಬಣ್ಣ ಅದರಡಿಯಲ್ಲಿ ಉಳಿದಿರುತ್ತದೆ.

ನಂತರ ಎಂಜಿನ್ ಮತ್ತು ಫ್ರೇಮಿನ ಮೇಲೆ ಕೊರೆದ ಸಂಖ್ಯೆಗಳನ್ನು ಬರೆದುಕೊಳ್ಳಬೇಕು. ರೆಡಿಚ್ ಕಾರ್ಖಾನೆಯಿಂದ ಯಾವ ಗಾಡಿ ಯಾವಾಗ, ಯಾವ ಡೀಲರಿಗೆ ಹೋಯಿತೆಂಬ ಹಳೆಯ ಲೆಜರುಗಳು ಬ್ರಿಟನ್ನಿನ ರಾಯಲ್ ಎನ್‌ಫೀಲ್ಡ್ ಮಾಲೀಕರ ಸಂಘದಲ್ಲಿವೆ. ಹುಟ್ಟಿದ ವರ್ಷ ಖಚಿತವಾದರೆ ಅರ್ಧ ಕೆಲಸ ಮುಗಿದಂತೆ. ಉಳಿದ ಭಾಗಗಳನ್ನು ಆ ವರ್ಷದ ಜೊತೆ ಹೋಲಿಸುತ್ತಾ ಹೋಗಬಹುದು.

ಕೆಲವು ಗುರುತುಗಳು ಹೀಗಿವೆ. ಟ್ರಯಲ್ಸ್ ಬುಲೆಟ್ಟಿನ ಮುಂಚಕ್ರ 21 ಇಂಚು, ಹಿಂಚಕ್ರ 19 ಇಂಚು. ನೀರು, ಕಲ್ಲು ತಾಗದಂತೆ ಸೈಲೆನ್ಸರ್ ಮೇಲಕ್ಕೆ ಎತ್ತಿರುತ್ತದೆ. ಎರಡು ಪುಟ್ಟ ಪೈಲಟ್ ದೀಪಗಳಿರುವ ಹೆಡ್‌ಲೈಟ್ ಕವಚ ಬಂದದ್ದು 1954ರ ಮಾದರಿಗಳಲ್ಲಿ. 1951ರ ಗಾಡಿಯಲ್ಲಿ ಅದಿದ್ದರೆ ಆಮೇಲೆ ಹಾಕಿದ್ದೇ ಸರಿ. ಅಮಾಲ್ ಕಾರ್ಬ್ಯುರೇಟರಿನ ಫ್ಲೋಟ್ ಚೇಂಬರ್ ಬೇರೆಯಾಗಿದ್ದರೆ ಅದು ಹಳೆಯ ನಮೂನೆ; ಒಂದೇ ಅಚ್ಚಿನಲ್ಲಿ ಸೇರಿದ್ದರೆ 1955ರ ಸುಮಾರಿಗೆ ಬಂದದ್ದು. ಮಿಕ್‌ಕಾರ್ಬ್ ಇದ್ದರೆ ಅದು ನಮ್ಮ ದೇಶದ್ದು. ಲೂಕಾಸ್ ಕಂಪೆನಿಯ ಮ್ಯಾಗ್ನೆಟೋದಂಥ ಭಾಗಗಳ ಮೇಲೆ ತಯಾರಾದ ತಿಂಗಳು, ವರ್ಷದ ಮುದ್ರೆ ಸಿಗುವುದುಂಟು. ನಟ್ಟು ಬೋಲ್ಟುಗಳೂ ಮಾತನಾಡುತ್ತವೆ: ಆ ಕಾಲದ ಬ್ರಿಟಿಷ್ ಸೈಕಲ್ ಥ್ರೆಡ್ಡಿಗೆ ಇಂಚಿಗೆ 26 ಸುತ್ತು. ಮೆಟ್ರಿಕ್ ಬೋಲ್ಟು ಕಂಡರೆ ಯಾರೋ ಆಮೇಲೆ ಕೈಹಾಕಿದ್ದಾರೆ.

ಆದರೆ ಒಂದೇ ಗುರುತನ್ನು ನಂಬಿ ತೀರ್ಪು ಕೊಡಬಾರದು. 21 ಇಂಚಿನ ರಿಮ್ ಯಾರು ಬೇಕಾದರೂ ಕೊಂಡು ಹಾಕಬಹುದು. ನಾಲ್ಕಾರು ಸಾಕ್ಷಿಗಳು ಒಂದೇ ಮಾತು ಹೇಳಿದಾಗ ಮಾತ್ರ ಒಪ್ಪಬೇಕು.

ಅಪ್ಪನ ಕೈಗುರುತು

ಇಷ್ಟಾದ ಮೇಲೂ ಒಂದು ಕಷ್ಟ ಉಳಿಯುತ್ತದೆ. ಟ್ರಯಲ್ಸ್ ಸವಾರರು ಗಾಡಿಯನ್ನು ಕಾರ್ಖಾನೆ ಕೊಟ್ಟಂತೆ ಬಿಟ್ಟವರಲ್ಲ. ನಿಂತು ಓಡಿಸಲು ಅನುಕೂಲವಾಗಲೆಂದು ಫುಟ್‌ರೆಸ್ಟನ್ನು ಹಿಂದಕ್ಕೆ ಸರಿಸಿ ವೆಲ್ಡ್ ಮಾಡಿಸಿದವರು, ನಿಧಾನ ನಡಿಗೆಗೆ ಚಿಕ್ಕ ಸ್ಪ್ರಾಕೆಟ್ ಹಾಕಿದವರು, ತೂಕ ಇಳಿಸಲು ಅಲ್ಲಲ್ಲಿ ತೂತು ಕೊರೆದವರು ಬಹಳ. ಮಗನ ಕೈಯಲ್ಲಿ ಅಂಥದೊಂದು ಫುಟ್‌ರೆಸ್ಟ್ ಇದೆ ಎಂದಿಟ್ಟುಕೊಳ್ಳಿ. ವೆಲ್ಡಿಂಗ್ ಒರಟು, ಅರದ ಗೀರುಗಳು ಹಾಗೇ ಇವೆ. ಕಾರ್ಖಾನೆಯ ಪಟ್ಟಿಯಂತೆ ಅದು ನಕಲಿ. ಆದರೆ ಮೂವತ್ತು ವರ್ಷ ಅಪ್ಪನ ಪಾದ ನಿಂತದ್ದು ಅದರ ಮೇಲೆ.

ಅದನ್ನು ಕಿತ್ತು ಹೊಸದನ್ನು ಹಾಕಿದರೆ ಗಾಡಿ 1950ರ ದಶಕಕ್ಕೆ ಮರಳುತ್ತದೆ, ಅಪ್ಪ ಕಾಣೆಯಾಗುತ್ತಾನೆ. ಹಾಗೆಂದು ಬಿರುಕು ಬಿಟ್ಟ ಫುಟ್‌ರೆಸ್ಟಿನ ಮೇಲೆ ನಿಂತು ಓಡಿಸಲೂ ಆಗದು. ಬ್ರೇಕ್, ಫೋರ್ಕ್, ಚಕ್ರ, ಟಯರುಗಳಲ್ಲಿ ಭಾವನೆಗೆ ಎಡೆಯಿಲ್ಲ, ಸವೆದದ್ದನ್ನು ಬದಲಿಸಲೇಬೇಕು. ಬದಲಿಸಿದ ಹಳೆಯ ಭಾಗವನ್ನು ಮಾತ್ರ ಎಸೆಯಬಾರದು. ಚೀಟಿ ಬರೆದು ತೆಗೆದಿಟ್ಟರೆ ಮುಂದೊಂದು ದಿನ ಮೊಮ್ಮಕ್ಕಳಿಗೆ ತೋರಿಸಬಹುದು. ಟ್ಯಾಂಕಿನ ತಗ್ಗಿಗೆ ಪುಟ್ಟಿ ತುಂಬುವ ಮೊದಲು ಅದು ಯಾವ ದಿನ, ಯಾವ ಬಂಡೆಗೆ ಬಿದ್ದಾಗ ಆದದ್ದೆಂದು ಕೇಳಬೇಕು.

ಯಾರನ್ನು ಕೇಳುವುದು? ಇಲ್ಲೇ ಇರುವುದು ಮಾತು. ಸಂಖ್ಯೆಗೆ ಲೆಜರಿದೆ, ಮ್ಯಾಗ್ನೆಟೋಗೆ ಮುದ್ರೆಯಿದೆ. ಅಪ್ಪ ಮಾಡಿದ ವೆಲ್ಡಿಂಗಿಗೆ ದಾಖಲೆ ಅಪ್ಪನೊಬ್ಬನೇ. ನಮ್ಮ ಮನೆಗಳಲ್ಲಿ ಟ್ರಯಲ್ಸ್ ಬೈಕ್ ಇಲ್ಲದಿರಬಹುದು. ಒಂದು ಜಾವಾ, ಒಂದು ಲ್ಯಾಂಬ್ರೆಟಾ, ಅಮ್ಮನ ಹೊಲಿಗೆ ಯಂತ್ರ ಇದ್ದೇ ಇರುತ್ತದೆ. ಅವುಗಳ ಒಡೆಯರು ಇನ್ನೂ ಜಗಲಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದರೆ, ಇವತ್ತೇ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು ಕೇಳಿ. ಹೇಳುವುದನ್ನು ಬರೆದಿಟ್ಟುಕೊಳ್ಳಿ. ಬಿಡಿಭಾಗ ನಾಳೆಯೂ ಸಿಗುತ್ತದೆ.