ಮಗುವನ್ನು ಅವಳ ಕೈಗೇ ಕೊಡಿ

ಎಂಎಸ್‌ಡಬ್ಲ್ಯು ಫೀಲ್ಡ್‌ವರ್ಕ್‌ಗೆಂದು ಆಶಾ ಕಾರ್ಯಕರ್ತೆಯ ಜೊತೆ ಹಳ್ಳಿಯ ಮನೆಗಳನ್ನು ಸುತ್ತುತ್ತಿದ್ದ ದಿನಗಳವು. ಒಂದು ಮನೆಯಲ್ಲಿ ಹದಿನೇಳರ ಬಾಣಂತಿ. ಮಗುವಿಗೆ ಏಳು ದಿನ. ಅಳುತ್ತಿದ್ದ ಕೂಸಿಗೆ ಅವಳು ಕೈಚಾಚುವಷ್ಟರಲ್ಲಿ ‘ನಿಂಗೇನು ಗೊತ್ತು, ಬಿಡು’ ಎಂದು ಅತ್ತೆ ಎತ್ತಿಕೊಂಡರು. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಮಗು ಕಂಡರೆ ಇವಳಿಗೆ ಪ್ರೀತಿಯೇ ಇಲ್ಲವೇನೋ ಅಂದುಕೊಂಡೆ. ಪಕ್ಕ ಕೂತಾಗ ಪಿಸುಗುಟ್ಟಿದಳು: ‘ಎತ್ತಿಕೊಳ್ಳೋಕೆ ಭಯ ಅಕ್ಕಾ, ಎಲ್ಲರೂ ಬೈತಾರೆ.’

ಆಶಾ ಅಕ್ಕ ಯಾರೊಂದಿಗೂ ವಾದಿಸಲಿಲ್ಲ. ಕೂಸನ್ನು ಅವಳ ಎದೆಯ ಮೇಲೆ ಮಲಗಿಸಿ, ‘ಮಾತಾಡವ್ವ. ಹೊಟ್ಟೇಲಿದ್ದಾಗಿಂದ ನಿನ್ನ ದನಿ ಕೇಳಿದೆ, ಗುರುತು ಹಿಡಿಯುತ್ತೆ’ ಎಂದರು. ಅವಳು ಮೆಲ್ಲಗೆ ಕರೆದಳು. ಅಳು ತಗ್ಗಿತು. ‘ನೋಡಿ ಅಮ್ಮಾ, ಅವಳಿಗೆ ಗೊತ್ತಾಗುತ್ತೆ’ ಎಂದು ಅತ್ತೆಗೆ ಕೇಳಿಸುವಂತೆ ಹೇಳಿದರು.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೂ 42 ದಿನಗಳೊಳಗೆ ಆಶಾ 6 ಸಲ ಭೇಟಿ ಕೊಡಬೇಕು. ಕೊನೆಯ ಭೇಟಿಯ ಹೊತ್ತಿಗೆ ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು ಎಂದು ಅವಳೇ ನಮಗೆ ವಿವರಿಸುತ್ತಿದ್ದಳು!

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 19 ವಯಸ್ಸಿನವರಲ್ಲಿ ಶೇ 6.8ರಷ್ಟು ಮಂದಿ ಆಗಲೇ ತಾಯಂದಿರು ಇಲ್ಲವೇ ಗರ್ಭಿಣಿಯರು. ಬಾಲ್ಯವಿವಾಹ ತಡೆಯಲು 1098ಕ್ಕೆ ಕರೆ ಮಾಡೋಣ. ಆದರೆ ತಡೆಯಲಾಗದೆ ಹೋದ ಮದುವೆಯ ಶಿಕ್ಷೆಯನ್ನು ಆ ಹುಡುಗಿ ಅನುಭವಿಸಬಾರದು.

ಎಸ್ಸೆಸ್ಸೆಲ್ಸಿ ನಂತರ ಕಾಣದಾದ ಅಂಥ ಗೆಳತಿ ನಿಮಗೂ ಇರಬಹುದು. ನೋಡಲು ಹೋದರೆ ಬುದ್ಧಿ ಹೇಳಬೇಡಿ. ಸ್ವಲ್ಪ ಹೊತ್ತು ಜೊತೆಗೆ ಕೂತು, ‘ಚೆನ್ನಾಗಿ ನೋಡ್ಕೋತಿದ್ದೀಯ ಕಣೇ’ ಅನ್ನಿ. ಮತ್ತೆ ಓದುವ ಆಸೆ ಇದೆಯಾ ಅಂತಲೂ ಕೇಳಿ.